ಕಚ್ಚಿಕೊಂಡ ಬೋಲ್ಟ್ ಬಿಡಿಸುವ ಸಾಧನಗಳು: ಮನೆಯ ಸೈಕಲ್ ರಿಪೇರಿಗೆ ಯಾವುದು ನಿಜಕ್ಕೂ ಒದಗುತ್ತದೆ?

ಸೈಕಲ್ಲಿನಲ್ಲಿ ಇರುವ ಬೋಲ್ಟ್‌ಗಳಲ್ಲಿ ಹೆಚ್ಚಿನವು ಬಹಳ ಚಿಕ್ಕವು. ನೀರಿನ ಬಾಟಲಿಯ ಸ್ಟ್ಯಾಂಡು, ಹ್ಯಾಂಡಲನ್ನು ಫ್ರೇಮಿಗೆ ಜೋಡಿಸುವ ಸ್ಟೆಮ್, ಸೀಟಿನ ಕ್ಲ್ಯಾಂಪು, ಬ್ರೇಕ್ ಇವುಗಳನ್ನೆಲ್ಲ ಹಿಡಿದಿರುವುದು ಸಾಮಾನ್ಯವಾಗಿ ಎಂ5 ಅಥವಾ ಎಂ6 ಅಳತೆಯ, ಅಂದರೆ 5 ಅಥವಾ 6 ಮಿಲಿಮೀಟರ್ ದಪ್ಪದ ಬೋಲ್ಟ್‌ಗಳೇ. ಇವು ಮಳೆನೀರಿಗೆ, ಸವಾರನ ಬೆವರಿಗೆ, ರಸ್ತೆಯ ಕೆಸರಿಗೆ ನೇರವಾಗಿ ಒಡ್ಡಿಕೊಂಡಿರುತ್ತವೆ. ಜೊತೆಗೆ ಉಕ್ಕಿನ ಬೋಲ್ಟನ್ನು ಅಲ್ಯೂಮಿನಿಯಂ ಭಾಗದೊಳಕ್ಕೆ ತಿರುಗಿಸಿರುವುದೇ ಹೆಚ್ಚು. ಎರಡು ಬೇರೆ ಲೋಹಗಳ ನಡುವೆ ತೇವ ಸೇರಿದಾಗ ಅಲ್ಯೂಮಿನಿಯಂ ಸವೆಯುತ್ತ ಹೋಗುತ್ತದೆ, ಅದರಿಂದ ಹುಟ್ಟಿದ ಬಿಳಿ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಥ್ರೆಡ್‌ಗಳ ಸಂದಿಯಲ್ಲಿ ಒತ್ತಿ ತುಂಬಿಕೊಳ್ಳುತ್ತದೆ, ಬೋಲ್ಟ್ ಕಚ್ಚಿಕೊಳ್ಳುತ್ತದೆ. ಇದನ್ನು ಬಿಡಿಸಲೆಂದು ಮಾರಾಟವಾಗುವ ವಸ್ತುಗಳು ಅನೇಕ: ಸಂದಿಗೆ ಇಳಿಯುವ ಎಣ್ಣೆಗಳು, ಬಡಿದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್‌ಗಳು, ವಿಶೇಷ ಇಕ್ಕಳಗಳು, ಎಕ್ಸ್‌ಟ್ರ್ಯಾಕ್ಟರ್ ಸೆಟ್‌ಗಳು. ಇವುಗಳಲ್ಲಿ ಹಲವನ್ನು ಬಳಸಿದ ಮೇಲೆ ನನ್ನಲ್ಲಿ ಗಟ್ಟಿಯಾಗಿರುವ ಅಭಿಪ್ರಾಯವೆಂದರೆ, ‘ಕಚ್ಚಿದ ಬೋಲ್ಟ್‌ಗೆ’ ಎಂದು ಡಬ್ಬಿಯ ಮೇಲೆ ಬರೆದಿರುವ ಯಾವುದೇ ಸಾಧನಕ್ಕಿಂತ ಮೊದಲು ಹಣ ಹಾಕಬೇಕಾದದ್ದು ಬೋಲ್ಟಿನ ತಲೆಗೆ ಸರಿಯಾಗಿ ಕೂರುವ ಅಲೆನ್ ಕೀಗಳ, ಅಂದರೆ ಎಲ್ ಆಕಾರದ ಆರು ಮೂಲೆಯ ಕೀಗಳ ಮೇಲೆ.

ಬೋಲ್ಟ್ ಕಚ್ಚಿಕೊಂಡಿರುವುದು ಒಂದು ಸಮಸ್ಯೆ, ಅದರ ತಲೆಯೊಳಗಿನ ಆರು ಮೂಲೆಗಳು ಸವೆದು ದುಂಡಗಾಗುವುದು ಇನ್ನೊಂದು. ಮೊದಲನೆಯದಕ್ಕೆ ಕಾಲ ಕಾರಣ, ಎರಡನೆಯದಕ್ಕೆ ಬಹುಪಾಲು ನಾವು ಹಿಡಿದ ಕೀಯೇ ಕಾರಣ. ಅಗ್ಗದ ಕೀಗಳು ಹೇಳಿದ ಅಳತೆಗಿಂತ ಕೂದಲೆಳೆಯಷ್ಟು ತೆಳ್ಳಗಿರುತ್ತವೆ, ಅವುಗಳ ಅಂಚುಗಳು ಹೊಸದರಲ್ಲೇ ಉರುಟಾಗಿರುತ್ತವೆ, ಉಕ್ಕು ಮೆತ್ತಗಿರುತ್ತದೆ. ಬಿಡಿಭಾಗಗಳ ಪೊಟ್ಟಣದೊಳಗೆ ಉಚಿತವಾಗಿ ಬರುವ ಕೀಗಳು ಹೊಸ ಬೋಲ್ಟನ್ನು ಕೂರಿಸುವುದಕ್ಕೆ ಸಾಕಾಗಬಹುದು, ವರ್ಷಗಟ್ಟಲೆ ಕಚ್ಚಿಕೊಂಡ ಬೋಲ್ಟಿನ ಹತ್ತಿರಕ್ಕೂ ಅವುಗಳನ್ನು ಒಯ್ಯಬಾರದು. ಹೆಸರು ಹೇಳಲು ಬಯಸದ ಒಂದು ಕಂಪನಿಯ ಅಲೆನ್ ಸೆಟ್ಟಿನಲ್ಲಿ 4 ಮಿಲಿಮೀಟರಿನ ಕೀ ಬೋಲ್ಟನ್ನು ಅಲುಗಿಸುವ ಮೊದಲೇ ತಾನು ತಿರುಚಿಕೊಂಡಿತು. ಅಂಥ ಕೀ ಪೂರ್ತಿ ತಿರುಚಿಕೊಳ್ಳುವ ಮುನ್ನ ಬೋಲ್ಟಿನ ಮೂಲೆಗಳನ್ನೂ ಕೆರೆದು ಹೋಗಿರುತ್ತದೆ ಎಂಬುದೇ ದೊಡ್ಡ ನಷ್ಟ.

ಇಂಚಿನ ಅಳತೆಯ ಕೀಗಳು ಬೆರೆತಿರುವ ಸೆಟ್ಟಿನ ಬಗ್ಗೆಯೂ ಎಚ್ಚರ ಬೇಕು. 5/32 ಇಂಚಿನ ಕೀ ಎಂದರೆ 3.97 ಮಿಲಿಮೀಟರ್, ಅದು 4 ಮಿಲಿಮೀಟರಿನ ತಲೆಯಲ್ಲಿ ಬಹುತೇಕ ಸರಿಯಾಗಿಯೇ ಕೂರುತ್ತದೆ. ಆದರೆ 3/16 ಇಂಚು ಎಂದರೆ 4.76 ಮಿಲಿಮೀಟರ್. 5 ಮಿಲಿಮೀಟರಿನ ತಲೆಗೆ ಅದನ್ನು ಹಾಕಿ ಬಲ ಬಿಟ್ಟರೆ ಮೂಲೆಗಳು ಉಳಿಯುವುದಿಲ್ಲ. ಕೈಗೆ ಸಿಕ್ಕಿದ ಕೀ ‘ಸ್ವಲ್ಪ ಸಡಿಲ, ಆದರೂ ನಡೆಯುತ್ತದೆ’ ಎನ್ನಿಸಿದರೆ ಅದನ್ನು ಅಲ್ಲಿಗೇ ಬಿಟ್ಟು ಸರಿಯಾದುದನ್ನು ಹುಡುಕಬೇಕು.

ನಾನು ಈಗ ನೆಚ್ಚಿಕೊಂಡಿರುವುದು ವೆರಾ ಕಂಪನಿಯ ಹೆಕ್ಸ್ ಪ್ಲಸ್ ಮಾದರಿಯ ಕೀಗಳನ್ನು. ಸಾಮಾನ್ಯ ಕೀ ಬೋಲ್ಟಿನ ಮೂಲೆಗಳ ಮೇಲೆ ಒತ್ತಡವನ್ನು ಕೇಂದ್ರೀಕರಿಸುತ್ತದೆ, ಇದರ ಮೂಲೆಗಳ ಆಕಾರವನ್ನು ಬದಲಿಸಿರುವುದರಿಂದ ಒತ್ತಡ ಸಮತಲದ ಕಡೆಗೆ ಸರಿದು ಹೆಚ್ಚು ವಿಸ್ತಾರದಲ್ಲಿ ಹಂಚಿಕೊಳ್ಳುತ್ತದೆ. ಅರ್ಧ ಸವೆದ ತಲೆಯಲ್ಲಿಯೂ ಅದು ಹಿಡಿತ ಕಂಡುಕೊಳ್ಳುವುದನ್ನು ಗಮನಿಸಿದ್ದೇನೆ. ಈ ಸೆಟ್ಟಿನ ಬಗ್ಗೆ ನನಗಿರುವ ಆಕ್ಷೇಪ ಒಂದೇ, ಮತ್ತು ಅದು ಬೇರೆ ಒಳ್ಳೆಯ ಸೆಟ್‌ಗಳಿಗೂ ಅನ್ವಯಿಸುತ್ತದೆ: ಉದ್ದನೆಯ ತೋಳಿನ ತುದಿ ಗುಂಡಗಿದೆ. ಓರೆಯಾಗಿ ಹಿಡಿದು ಬೇಗ ಬೇಗ ತಿರುಗಿಸಲು ಗುಂಡು ತುದಿ ಅನುಕೂಲ, ಆದರೆ ಅದು ತಲೆಯನ್ನು ಮುಟ್ಟುವುದು ಕೆಲವೇ ಬಿಂದುಗಳಲ್ಲಿ, ಅದರ ಕತ್ತು ತೆಳ್ಳಗಿರುತ್ತದೆ, ಕಚ್ಚಿದ ಬೋಲ್ಟಿಗೆ ಅದನ್ನು ಬಳಸಿದರೆ ತುದಿ ಮುರಿದು ಒಳಗೇ ಉಳಿಯಬಹುದು. ಆದ್ದರಿಂದ ಯಾವಾಗಲೂ ಗಿಡ್ಡ ತುದಿಯನ್ನು ತಲೆಗೆ ಹಾಕಿ ಉದ್ದದ ತೋಳನ್ನು ಕೈಯಲ್ಲಿ ಹಿಡಿಯಬೇಕು. ಗಿಡ್ಡ ತುದಿ ತಲುಪದ ಆಳದ ಜಾಗಗಳಿಗೆಂದು 4, 5 ಮತ್ತು 6 ಮಿಲಿಮೀಟರಿನ ಚಪ್ಪಟೆ ತುದಿಯ ಟಿ-ಹಿಡಿಕೆಯ ಕೀಗಳನ್ನು ಬೇರೆಯಾಗಿಯೇ ಕೊಳ್ಳುವುದು ಒಳ್ಳೆಯದು. ಕ್ರ್ಯಾಂಕಿನ (ಪೆಡಲನ್ನು ಹೊತ್ತ ತೋಳಿನ) 8 ಮಿಲಿಮೀಟರಿನ ತಲೆಯ ಬೋಲ್ಟಿಗೆ ಮಾತ್ರ ಯಾವ ಅಲೆನ್ ಕೀಯೂ ಬೇಡ, ಅರ್ಧ ಇಂಚಿನ ಹಿಡಿಕೆಗೆ ಕೂರುವ ಸಾಕೆಟ್ ಬಿಟ್ ಮತ್ತು ಉದ್ದನೆಯ ಬಾರ್ ಅಲ್ಲಿಗೆ ತಕ್ಕ ಸಾಧನ.

ಕೀ ಎಷ್ಟೇ ಒಳ್ಳೆಯದಾದರೂ ತಲೆಯೊಳಗೆ ಕೆಸರು ಗಟ್ಟಿಯಾಗಿದ್ದರೆ ಅದು ಅರ್ಧದವರೆಗೆ ಮಾತ್ರ ಇಳಿಯುತ್ತದೆ. ಮೊನೆಯಾದ ಸೂಜಿಯಿಂದ ಮೂಲೆ ಮೂಲೆಯನ್ನೂ ಕೆದಕಿ, ಕೀಯನ್ನು ಇಟ್ಟು, ಅದರ ಬೆನ್ನಿಗೆ ಸುತ್ತಿಗೆಯಿಂದ ಒಂದೆರಡು ಹಗುರವಾದ ಏಟು ಕೊಟ್ಟು ತಳ ಮುಟ್ಟಿಸಬೇಕು. ಈ ಏಟಿನಿಂದ ಥ್ರೆಡ್‌ಗಳ ನಡುವಿನ ತುಕ್ಕಿನ ಹಿಡಿತವೂ ಸ್ವಲ್ಪ ಬಿರುಕು ಬಿಡುತ್ತದೆ. ಬಿಚ್ಚುವ ಮುನ್ನ ಅತಿ ಸ್ವಲ್ಪ ಬಿಗಿಯುವ ದಿಕ್ಕಿಗೆ ತಿರುಗಿಸಿ ನೋಡುವುದೂ ಹಾಗೆಯೇ ಉಪಯುಕ್ತ. ಯಾವ ಕಡೆಗಾದರೂ ಸರಿ, ಒಮ್ಮೆ ಅಲುಗಿದ ಬೋಲ್ಟ್ ಸಾಮಾನ್ಯವಾಗಿ ಹೊರಬರುತ್ತದೆ.

ಇನ್ನು ಎಣ್ಣೆಗಳ ವಿಷಯ. ಜನರು ಮೊದಲು ಕೈ ಚಾಚುವುದು ಡಬ್ಲ್ಯುಡಿ-40 ಡಬ್ಬಿಗೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ರಾಕೆಟ್ ಕೆಮಿಕಲ್ ಕಂಪನಿ ಇದನ್ನು ರೂಪಿಸಿದ್ದು ಲೋಹದ ಮೇಲಿನ ನೀರನ್ನು ಹೊರದೂಡಿ ತುಕ್ಕು ತಡೆಯುವುದಕ್ಕಾಗಿ, ಮತ್ತು ಅದರ ಮೊದಲ ಬಳಕೆಗಳಲ್ಲಿ ಒಂದು ಅಟ್ಲಾಸ್ ಕ್ಷಿಪಣಿಯ ಹೊರಮೈಯನ್ನು ಕಾಪಾಡುವುದಾಗಿತ್ತು. ಆ ಮೂಲ ಉದ್ದೇಶವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಮಾನ್ಯ ಡಬ್ಲ್ಯುಡಿ-40 ಎಲ್ಲಿ ಸಾಕು, ಎಲ್ಲಿ ಸಾಲದು ಎಂಬುದು ತಿಳಿಯುತ್ತದೆ. ಮೇಲ್ಮೈಯ ತುಕ್ಕು, ಕೆಸರು, ಒಣಗಿದ ಗ್ರೀಸ್ ಇವುಗಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಥ್ರೆಡ್‌ಗಳ ಉದ್ದಕ್ಕೂ ಗಟ್ಟಿಯಾಗಿ ಕೂತ ತುಕ್ಕಿಗೆ ಇದೇ ಕೆಲಸಕ್ಕೆಂದು ತಯಾರಾದ ಎಣ್ಣೆಗಳೇ ಮೇಲು. ಅದೇ ಕಂಪನಿಯ ಸ್ಪೆಷಲಿಸ್ಟ್ ಸಾಲಿನ ಪೆನೆಟ್ರಂಟ್, ಲಿಕ್ವಿಡ್ ರೆಂಚ್, ಪಿಬಿ ಬ್ಲಾಸ್ಟರ್, ಕ್ರಾಯ್ಲ್, ಪ್ಲಸ್ ಗ್ಯಾಸ್ ಇವೆಲ್ಲ ಆ ಬಗೆಯವು. ಇವು ತೆಳುವಾಗಿದ್ದು ಕಣ್ಣಿಗೆ ಕಾಣದ ಸಂದಿಗಳಲ್ಲಿ ತಾವಾಗಿಯೇ ಹರಿದುಕೊಂಡು ಹೋಗುತ್ತವೆ.

ಈ ಬಗೆಯ ಎಣ್ಣೆಗಳೊಳಗೆ ಯಾವುದು ಶ್ರೇಷ್ಠ ಎಂಬ ವಾದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಎಣ್ಣೆಗೆ ಎಷ್ಟು ಸಮಯ ಕೊಟ್ಟಿರಿ, ಅದು ಥ್ರೆಡ್ಡನ್ನು ತಲುಪಿತೇ ಎಂಬ ಎರಡು ಪ್ರಶ್ನೆಗಳು ಡಬ್ಬಿಯ ಹೆಸರಿಗಿಂತ ಮುಖ್ಯ. ಸಿಂಪಡಿಸಿದ ಕೂಡಲೇ ಕೀ ಹಾಕಿ ಎಳೆಯುವುದರಲ್ಲಿ ಅರ್ಥವಿಲ್ಲ. ಸಂಜೆ ಹಾಕಿ, ಹಗುರವಾಗಿ ತಟ್ಟಿ, ಮಲಗುವ ಮುನ್ನ ಇನ್ನೊಮ್ಮೆ ಹಾಕಿ, ಬೆಳಿಗ್ಗೆ ಪ್ರಯತ್ನಿಸುವುದು ಸರಿಯಾದ ಕ್ರಮ. ಬೋಲ್ಟಿನ ತಲೆಯ ಮೇಲೆ ಸುರಿದ ಎಣ್ಣೆ ತಲೆಯ ಕೆಳಗಿನ ಬಿಗಿಯಾದ ಸಂದಿಯನ್ನು ದಾಟಿ ಥ್ರೆಡ್ಡಿಗೆ ಹೋಗುವುದು ಕಷ್ಟ. ಬೋಲ್ಟಿನ ಇನ್ನೊಂದು ತುದಿ ತೆರೆದಿದ್ದರೆ ಅಲ್ಲಿಂದಲೇ ಹಾಕಬೇಕು. ಬಾಟಲಿ ಸ್ಟ್ಯಾಂಡಿನ ಬೋಲ್ಟಿನ ಹಿಂತುದಿ ಫ್ರೇಮಿನ ಕೊಳವೆಯೊಳಗೆ ಇರುತ್ತದೆ, ಸೀಟ್ ಪೋಸ್ಟನ್ನು ತೆಗೆದು ಆ ದಾರಿಯಿಂದ ಉದ್ದನೆಯ ನಳಿಕೆಯಲ್ಲಿ ಎಣ್ಣೆ ಬಿಟ್ಟು, ಹನಿ ಬೋಲ್ಟಿನ ಕಡೆಗೆ ಇಳಿಯುವಂತೆ ಸೈಕಲ್ಲನ್ನು ಓರೆಯಾಗಿ ಇಡಬಹುದು. ಇದಕ್ಕೆ ತಾಳ್ಮೆ ಬೇಕು, ಆದರೆ ಫ್ರೇಮಿನಲ್ಲಿ ಕೂರಿಸಿರುವ ತೆಳು ನಟ್ ಬೋಲ್ಟಿನ ಜೊತೆಯಲ್ಲೇ ಸುತ್ತಲು ಶುರುವಾದ ಮೇಲೆ ಬರುವ ಕಷ್ಟಕ್ಕೆ ಹೋಲಿಸಿದರೆ ಈ ತಾಳ್ಮೆ ಅಗ್ಗ.

ಡಿಸ್ಕ್ ಬ್ರೇಕ್ ಇರುವ ಸೈಕಲ್ಲಿನಲ್ಲಿ ಎಣ್ಣೆ ಸಿಂಪಡಿಸುವ ಮೊದಲು ಚಕ್ರವನ್ನು ಬಿಚ್ಚಿ ದೂರ ಇಡಲೇಬೇಕು, ಬ್ರೇಕ್ ಪ್ಯಾಡ್ ಕೂರುವ ಕ್ಯಾಲಿಪರನ್ನು ಮುಚ್ಚಬೇಕು. ಗಾಳಿಯಲ್ಲಿ ತೇಲುವ ತುಂತುರು ಬ್ರೇಕ್ ಪ್ಯಾಡಿಗೆ ತಗುಲಿದರೆ ಪ್ಯಾಡ್ ಎಣ್ಣೆಯನ್ನು ಹೀರಿಕೊಂಡು ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕಿನ ಡಿಸ್ಕನ್ನು, ಅಂದರೆ ರೋಟರನ್ನು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಉಳಿಸಿಕೊಳ್ಳಬಹುದು, ಪ್ಯಾಡ್‌ಗಳನ್ನು ಬಹುಮಟ್ಟಿಗೆ ಬದಲಿಸಬೇಕಾಗುತ್ತದೆ. ಈ ಒಂದು ಕಾರಣಕ್ಕೇ ನನಗೆ ಸ್ಪ್ರೇ ಡಬ್ಬಿಗಿಂತ ಹನಿ ಹನಿಯಾಗಿ ಬಿಡುವ ಸೂಜಿಮೂತಿಯ ಬಾಟಲಿ ಇಷ್ಟ. ಅಸಿಟೋನ್ ಮತ್ತು ಕಾರಿನ ಟ್ರಾನ್ಸ್‌ಮಿಷನ್ ಎಣ್ಣೆಯನ್ನು ಬೆರೆಸಿ ಮನೆಯಲ್ಲೇ ಮಾಡಿಕೊಳ್ಳುವ ಮಿಶ್ರಣವನ್ನು ಹಲವರು ಹೊಗಳುತ್ತಾರೆ. ಅದು ಸಂದಿಗೆ ಇಳಿಯುವುದು ನಿಜ, ಆದರೆ ಎರಡೂ ಬೇಗ ಬೇರ್ಪಡುವುದರಿಂದ ಪ್ರತಿಸಲ ಕುಲುಕಬೇಕು, ಅಸಿಟೋನ್ ಫ್ರೇಮಿನ ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ, ಬೆಂಕಿಯ ಭಯವೂ ಇದೆ. ಬಣ್ಣ ಬಳಿದ ಸೈಕಲ್ಲಿಗೆ ನಾನು ಅದನ್ನು ಶಿಫಾರಸು ಮಾಡಲಾರೆ.

ಎಣ್ಣೆಯಿಂದ ಏನೂ ಪ್ರಯೋಜನವಾಗದ ಒಂದು ಸಂದರ್ಭವಿದೆ: ಥ್ರೆಡ್ ಲಾಕರ್ ಎಂಬ ಅಂಟು ಹಾಕಿ ಕೂರಿಸಿದ ಬೋಲ್ಟ್. ರೋಟರನ್ನು ಹಿಡಿದಿರುವ, ತಲೆಯಲ್ಲಿ ಆರು ಮೊನೆಯ ನಕ್ಷತ್ರದಂಥ ಕುಳಿಯಿರುವ ಟಾರ್ಕ್ಸ್ ಟಿ25 ಬೋಲ್ಟ್‌ಗಳು ಕಾರ್ಖಾನೆಯಿಂದಲೇ ಈ ಅಂಟಿನೊಂದಿಗೆ ಬರುವುದು ಸಾಮಾನ್ಯ. ಲಾಕ್‌ಟೈಟ್ 243ರಂತಹ ನೀಲಿ ಅಂಟು ಕೈ ಸಾಧನಕ್ಕೆ ಬಗ್ಗುತ್ತದೆ, ಕೆಂಪು 271 ಮಾತ್ರ ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖ ಬೇಡುತ್ತದೆ. ಅಂಥ ಶಾಖವನ್ನು ಹೀಟ್ ಗನ್ನಿನಿಂದ ಕೊಟ್ಟರೆ ಸುತ್ತಲಿನ ಬಣ್ಣ ಸುಡುತ್ತದೆ. ಬೆಸುಗೆ ಹಾಕುವ ಸೋಲ್ಡರಿಂಗ್ ಕಬ್ಬಿಣದ ದಪ್ಪ ತುದಿಯನ್ನು ಬೋಲ್ಟಿನ ತಲೆಯೊಳಗೆ ಇಟ್ಟು ಕೆಲವು ನಿಮಿಷ ಕಾಯುವುದು ಇದಕ್ಕಿಂತ ಎಷ್ಟೋ ಅಚ್ಚುಕಟ್ಟಾದ ವಿಧಾನ, ಶಾಖ ಬೇಕಾದ ಜಾಗಕ್ಕೇ ಹೋಗುತ್ತದೆ.

ಅಂಟಿಲ್ಲದ ಬೋಲ್ಟಿಗೂ ಶಾಖ ನೆರವಾಗುತ್ತದೆ, ಏಕೆಂದರೆ ಒಂದೇ ಪ್ರಮಾಣದ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಪ್ರತಿ ಡಿಗ್ರಿಗೆ ಮೀಟರೊಂದಕ್ಕೆ ಅಲ್ಯೂಮಿನಿಯಂ 23 ಮೈಕ್ರೋಮೀಟರಿನಷ್ಟು ಹಿಗ್ಗಿದರೆ ಉಕ್ಕು 12ರಷ್ಟು. ಅಲ್ಯೂಮಿನಿಯಂ ಕ್ರ್ಯಾಂಕಿನಲ್ಲಿ ಕಚ್ಚಿಕೊಂಡ ಉಕ್ಕಿನ ಪೆಡಲ್ ದಂಡಕ್ಕೆ ಕುದಿಯುವ ನೀರೇ ಎಷ್ಟೋ ಸಲ ಸಾಕಾಗುತ್ತದೆ. ಆದರೆ ಉಕ್ಕಿನ ಫ್ರೇಮಿನೊಳಗೆ ಸಿಕ್ಕಿಕೊಂಡ ಅಲ್ಯೂಮಿನಿಯಂ ಸೀಟ್ ಪೋಸ್ಟಿಗೆ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ಬಿಸಿ ಮಾಡಿದರೆ ಒಳಗಿನ ಪೋಸ್ಟೇ ಹೆಚ್ಚು ಹಿಗ್ಗಿ ಇನ್ನಷ್ಟು ಬಿಗಿಯುತ್ತದೆ, ಬೇಕಾದದ್ದು ಪೋಸ್ಟನ್ನು ತಂಪು ಮಾಡುವುದು. ಕಾರ್ಬನ್ ಫ್ರೇಮಿನ ಹತ್ತಿರ ಹೀಟ್ ಗನ್ ತರಲೇಬಾರದು, ಅದರ ನಾರುಗಳನ್ನು ಹಿಡಿದಿರುವ ಎಪಾಕ್ಸಿ ಶಾಖಕ್ಕೆ ಮೆತ್ತಗಾಗುತ್ತದೆ. ಹಿಂದಿನ ದಿನ ಹಾಕಿದ ಎಣ್ಣೆಯನ್ನು ಪೂರ್ತಿ ಒರೆಸದೆ ಬಿಸಿ ಮಾಡುವುದು ಯಾವ ಸೈಕಲ್ಲಿನಲ್ಲಿಯೂ ಅಪಾಯಕರ.

ಬಡಿದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುತ್ತಿಗೆಯ ಏಟನ್ನು ತಿರುಗುವ ಬಲವಾಗಿ ಮಾರ್ಪಡಿಸುವ ಆ ದಪ್ಪ ಸಾಧನ ಮೋಟಾರ್‌ಬೈಕಿನ ಎಂಜಿನ್ನಿಗೆ ಸರಿ, ಸೈಕಲ್ಲಿನ ತೆಳು ಕೊಳವೆಗಳಿಗೆ ಅದರ ಏಟು ಜಾಸ್ತಿಯಾಗುತ್ತದೆ. ಇದಕ್ಕೆ ಒಂದು ಅಪವಾದ ಜಪಾನಿನ ವೆಸೆಲ್ ಕಂಪನಿಯ ಇಂಪ್ಯಾಕ್ಟಾ. ನೋಡಲು ಸಾಮಾನ್ಯ ಸ್ಕ್ರೂ ಡ್ರೈವರಿನಂತೆಯೇ ಇದ್ದು, ಹಿಂಭಾಗಕ್ಕೆ ಹೊಡೆದಾಗ ತುದಿ ಬಿಚ್ಚುವ ದಿಕ್ಕಿಗೆ ಸ್ವಲ್ಪವೇ ತಿರುಗುತ್ತದೆ. ಜಪಾನಿ ಬಿಡಿಭಾಗಗಳಲ್ಲಿರುವ ಕೂಡು ಚಿಹ್ನೆಯ (+) ಆಕಾರದ ಗೀರಿನ ಸ್ಕ್ರೂಗಳಿಗೆ ಫಿಲಿಪ್ಸ್ ತುದಿ ಸರಿಯಾಗಿ ಕೂರದೆ ಮೇಲಕ್ಕೆ ಜಾರಿ ಗೀರನ್ನು ಹಾಳುಮಾಡುತ್ತದೆ. ಈ ಡ್ರೈವರಿನ ತುದಿ ಅವುಗಳಲ್ಲಿ ತಳದವರೆಗೆ ಕೂರುತ್ತದೆ.

ತಲೆ ಆಗಲೇ ದುಂಡಗಾಗಿದ್ದರೆ ಏನು ಮಾಡಬೇಕು? ನನ್ನ ಅನುಭವದಲ್ಲಿ ಅತ್ಯಂತ ಹೆಚ್ಚು ಫಲ ಕೊಟ್ಟ ಉಪಾಯಕ್ಕೆ ವಿಶೇಷ ಸಾಧನವೇನೂ ಬೇಕಿಲ್ಲ. ಟಾರ್ಕ್ಸ್ ಟಿ25 ತುದಿಯ ಹೊರ ಅಗಲ ಸುಮಾರು 4.4 ಮಿಲಿಮೀಟರ್, ಟಿ30ರದ್ದು ಸುಮಾರು 5.5. ಸವೆದ 4 ಮಿಲಿಮೀಟರಿನ ತಲೆಗೆ ಟಿ25 ಬಿಟ್ಟನ್ನೂ, 5 ಮಿಲಿಮೀಟರಿನದಕ್ಕೆ ಟಿ30 ಬಿಟ್ಟನ್ನೂ ಸುತ್ತಿಗೆಯಿಂದ ಬಡಿದು ಕೂರಿಸಿದರೆ ಅದರ ಮೊನೆಗಳು ದುಂಡಗಾದ ಗೋಡೆಯನ್ನು ಕಚ್ಚಿ ಹಿಡಿಯುತ್ತವೆ. ಒಳ್ಳೆಯ ಉಕ್ಕಿನ ಬಿಟ್ಟೇ ಆಗಬೇಕು, ಮತ್ತು ಬಡಿಯುವಾಗ ಹಿಂದೆ ಆಸರೆ ಇರಬೇಕು. ಕಾರ್ಬನ್ ಭಾಗದ ಮೇಲೆ ಇದನ್ನು ಮಾಡುವಂತಿಲ್ಲ.

ಬೋಲ್ಟಿನ ತಲೆ ಹೊರಗೆ ಎದ್ದು ಕಾಣುವಂತಿದ್ದರೆ ಜಪಾನಿನ ಎಂಜಿನಿಯರ್ ಕಂಪನಿಯ ನೆಜಿಸಾರಸ್ ಇಕ್ಕಳ ಹೊಗಳಿಕೆಗೆ ಪೂರ್ತಿ ಅರ್ಹ. ಸಾಮಾನ್ಯ ಇಕ್ಕಳದ ಹಲ್ಲುಗಳು ಅಡ್ಡಸಾಲಿನಲ್ಲಿ ಇರುವುದರಿಂದ ತಿರುಗಿಸುವಾಗ ಜಾರುತ್ತವೆ. ಇದರ ಬಾಯಿಯ ತುದಿಯಲ್ಲಿ ಲಂಬಸಾಲಿನ ಹಲ್ಲುಗಳೂ ಇರುವುದರಿಂದ ದುಂಡನೆಯ ತಲೆಯನ್ನು ಎದುರಿನಿಂದ ಹಿಡಿದು ತಿರುಗಿಸಬಹುದು. ಬಾಟಲಿ ಸ್ಟ್ಯಾಂಡಿನ ಬೋಲ್ಟ್‌ಗಳಿಗೆ ಇದಕ್ಕಿಂತ ಚೆನ್ನಾದದ್ದನ್ನು ನಾನು ಕಂಡಿಲ್ಲ. ಸ್ಟೆಮ್ಮಿನ ಹಾಗೆ ತಲೆ ಕುಳಿಯೊಳಗೆ ಅಡಗಿರುವ ಕಡೆ ಮಾತ್ರ ಇದು ನಿರುಪಯೋಗಿ. 1924ರಿಂದ ಬಳಕೆಯಲ್ಲಿರುವ ವೈಸ್ ಗ್ರಿಪ್ ಬಗೆಯ, ಹಿಡಿದು ಬೀಗ ಹಾಕಿಕೊಳ್ಳುವ ಇಕ್ಕಳ ಇನ್ನೂ ಹೆಚ್ಚು ಬಲವಾಗಿ ಒತ್ತುತ್ತದೆ, ಆದರೆ ಅದಕ್ಕೆ ಸುತ್ತಲೂ ಜಾಗ ಬೇಕು. ಅರದಿಂದ ತಲೆಯ ಎರಡು ಬದಿಗಳನ್ನು ಚಪ್ಪಟೆಯಾಗಿ ಉಜ್ಜಿಕೊಂಡರೆ ಅದರ ಹಿಡಿತ ಬಹಳ ಸುಧಾರಿಸುತ್ತದೆ.

ಉಳಿದಿರುವುದು ಎಕ್ಸ್‌ಟ್ರ್ಯಾಕ್ಟರ್ ಸೆಟ್. ಬೋಲ್ಟಿನ ನಡುವೆ ರಂಧ್ರ ಕೊರೆದು, ಎಡಸುರುಳಿಯ ಮೊನಚು ಕಡ್ಡಿಯನ್ನು ಒಳಕ್ಕೆ ತಿರುಗಿಸಿದರೆ ಅದು ಕಚ್ಚಿಕೊಂಡು ಬೋಲ್ಟನ್ನು ಹೊರತರುತ್ತದೆ ಎಂಬುದು ಇದರ ತತ್ತ್ವ. ದೊಡ್ಡ ಬೋಲ್ಟ್‌ಗಳಲ್ಲಿ ಇದು ನಡೆಯುತ್ತದೆ. ಎಂ5 ಬೋಲ್ಟಿನ ಥ್ರೆಡ್ಡಿನ ಒಳಗಿನ ತಿರುಳು ಸುಮಾರು 4 ಮಿಲಿಮೀಟರ್ ಮಾತ್ರ, ಅದರಲ್ಲಿ ಕೊರೆಯಬಹುದಾದ ರಂಧ್ರಕ್ಕೆ ಹೋಗುವ ಕಡ್ಡಿ ಬಹಳ ತೆಳ್ಳಗಿರುತ್ತದೆ. ಸ್ವಭಾವತಃ ಬೆಣೆಯಾದ್ದರಿಂದ ಅದು ಬೋಲ್ಟನ್ನು ಹೊರಗಿನ ಗೋಡೆಗೆ ಇನ್ನಷ್ಟು ಒತ್ತುತ್ತದೆ, ತೆಳು ಕಡ್ಡಿ ಮುರಿಯುತ್ತದೆ, ಮತ್ತು ಮುರಿದ ತುಂಡು ಎಷ್ಟು ಗಡುಸಾದ ಉಕ್ಕೆಂದರೆ ಮನೆಯ ಡ್ರಿಲ್ ಬಿಟ್ ಅದನ್ನು ಗೀರಲೂ ಆರದು. ಬಗೆಹರಿಸಬಹುದಾಗಿದ್ದ ಸಮಸ್ಯೆ ಅಲ್ಲಿ ಬಗೆಹರಿಯದ್ದಾಗುತ್ತದೆ. ಸೈಕಲ್ಲಿಗೆಂದು ಅಗ್ಗದ ಎಕ್ಸ್‌ಟ್ರ್ಯಾಕ್ಟರ್ ಸೆಟ್ ಕೊಳ್ಳಬೇಡಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಅದೇ ಹಣಕ್ಕೆ ಎಡಕ್ಕೆ ತಿರುಗಿ ಕೊರೆಯುವ ಡ್ರಿಲ್ ಬಿಟ್‌ಗಳ ಒಂದು ಚಿಕ್ಕ ಸೆಟ್ ಮತ್ತು ಡ್ರಿಲ್ ಜಾರದಂತೆ ನಡುವೆ ಚಿಕ್ಕ ಕುಳಿ ಹೊಡೆಯುವ ಒಂದು ಸೆಂಟರ್ ಪಂಚ್ ಕೊಳ್ಳಬಹುದು. ಈ ಬಿಟ್‌ಗಳು ಕೊರೆಯುತ್ತಿರುವಾಗಲೇ ಬೋಲ್ಟನ್ನು ಬಿಚ್ಚುವ ದಿಕ್ಕಿಗೆ ದೂಡುತ್ತಿರುತ್ತವೆ, ಕೊರೆತದ ಶಾಖವೂ ಸೇರಿ ಕೆಲವು ಸಲ ಬೋಲ್ಟ್ ತಾನಾಗಿ ಹೊರಬರುತ್ತದೆ. ಬರದಿದ್ದರೂ ಚಿಂತೆಯಿಲ್ಲ. ಬೋಲ್ಟಿನ ದಪ್ಪಕ್ಕಿಂತ ತುಸು ದೊಡ್ಡ ಬಿಟ್ಟಿನಿಂದ ತಲೆಯನ್ನಷ್ಟೇ ಕೊರೆದರೆ ತಲೆ ಕಳಚಿ ಬೀಳುತ್ತದೆ. ಬೋಲ್ಟನ್ನು ಎಳೆದು ಹಿಡಿದಿದ್ದ ಬಿಗಿತ ಅಲ್ಲಿಗೆ ಇಲ್ಲವಾಗುತ್ತದೆ, ಸ್ಟ್ಯಾಂಡನ್ನೋ ಕ್ಲ್ಯಾಂಪನ್ನೋ ಮೇಲಕ್ಕೆ ತೆಗೆದರೆ ಉಳಿದ ತುಂಡು ಹಿಡಿಯಲು ಸಿಗುವಷ್ಟು ಹೊರಗೆ ನಿಂತಿರುತ್ತದೆ, ತಲೆಯ ಕೆಳಗಿನ ಒತ್ತಡವೇ ಮುಖ್ಯ ಅಡ್ಡಿಯಾಗಿದ್ದರೆ ಅದು ಇಕ್ಕಳಕ್ಕೆ ಸಲೀಸಾಗಿ ಬಗ್ಗುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕವಿಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಪೆಡಲಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ‘ಕಚ್ಚಿಕೊಂಡಿದೆ’ ಎಂದು ದೂರು ಕೇಳಿಬರುವ ಪೆಡಲ್‌ಗಳಲ್ಲಿ ಅನೇಕವನ್ನು ನಿಜದಲ್ಲಿ ತಪ್ಪು ದಿಕ್ಕಿಗೆ ತಿರುಗಿಸಲಾಗುತ್ತಿರುತ್ತದೆ. ಬಲ ಪೆಡಲಿನದು ಸಾಮಾನ್ಯ ಥ್ರೆಡ್, ಎಡ ಪೆಡಲಿನದು ಎಡಥ್ರೆಡ್, ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚಿಕೊಳ್ಳುವಂಥದ್ದು. ಸ್ಪ್ಯಾನರಿನ ತೋಳನ್ನು ಮೇಲ್ಮುಖವಾಗಿ ಇಟ್ಟು ಸೈಕಲ್ಲಿನ ಹಿಂಚಕ್ರದ ಕಡೆಗೆ ಎಳೆದರೆ ಎರಡೂ ಬಿಚ್ಚಿಕೊಳ್ಳುತ್ತವೆ. ಇದನ್ನು ನೆನಪಿಟ್ಟುಕೊಂಡರೆ ಎಡ-ಬಲದ ಗೊಂದಲವೇ ಇರುವುದಿಲ್ಲ. ಇದೇ ಬಗೆಯಲ್ಲಿ, ಇಂಗ್ಲಿಷ್ ಥ್ರೆಡ್ಡಿನ ಬಾಟಮ್ ಬ್ರ್ಯಾಕೆಟ್ಟಿನಲ್ಲಿ (ಕ್ರ್ಯಾಂಕ್ ತಿರುಗುವ ಅಚ್ಚು ಕೂರುವ ಭಾಗದಲ್ಲಿ) ಚೈನಿನ ಬದಿಯ ಕಪ್ ಎಡಥ್ರೆಡ್ಡಿನದು. ಪೆಡಲ್ ಬಿಗಿಯಲು ಶಿಮಾನೊ ಸೂಚಿಸುವ ಬಲ 35ರಿಂದ 55 ನ್ಯೂಟನ್ ಮೀಟರ್, ಅಂದರೆ ಸ್ಟೆಮ್ ಬೋಲ್ಟಿನ ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಗಿಡ್ಡ ಸ್ಪ್ಯಾನರಿನಿಂದ ಹೆಣಗುವುದಕ್ಕಿಂತ ಪಾರ್ಕ್ ಟೂಲಿನ ಪಿಡಬ್ಲ್ಯು-4ರಂತಹ ಉದ್ದ ಹಿಡಿಕೆಯ 15 ಮಿಲಿಮೀಟರಿನ ಪೆಡಲ್ ಸ್ಪ್ಯಾನರ್ ಕೊಳ್ಳುವುದು ಯೋಗ್ಯ. ಅದರ ಎರಡು ಬಾಯಿಗಳು ಬೇರೆ ಬೇರೆ ಕೋನದಲ್ಲಿರುವುದರಿಂದ ಕ್ರ್ಯಾಂಕ್ ಯಾವ ಸ್ಥಿತಿಯಲ್ಲಿದ್ದರೂ ಹಿಡಿಕೆಯನ್ನು ಅನುಕೂಲವಾದ ಎತ್ತರಕ್ಕೆ ತಂದುಕೊಳ್ಳಬಹುದು. ಸೈಕಲ್ ನೆಲದ ಮೇಲೆ ನಿಂತಿರುವಾಗಲೇ ಬಿಚ್ಚಿ, ಮತ್ತು ಚೈನನ್ನು ಮುಂದಿನ ದೊಡ್ಡ ಹಲ್ಲುಚಕ್ರದ ಮೇಲೆ ಇಟ್ಟುಕೊಳ್ಳಿ. ಸ್ಪ್ಯಾನರ್ ಜಾರಿದರೆ ಬೆರಳುಗಂಟು ಹೋಗಿ ತಾಕುವುದು ಆ ಹಲ್ಲುಗಳಿಗೇ.

ಹೊರಬಂದ ಬೋಲ್ಟನ್ನು ಮತ್ತೆ ಬಳಸುವ ಆಸೆ ಬೇಡ, ಮೂಲೆ ಸವೆದಿದ್ದರಂತೂ ಖಂಡಿತ ಬೇಡ. ಹೊಸದನ್ನು ಹಾಕುವಾಗ ಥ್ರೆಡ್ಡಿಗೆ, ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ-ಸೀಜ್ ಪೇಸ್ಟ್ ತೆಳುವಾಗಿ ಸವರಬೇಕು. ಉಕ್ಕು ಮತ್ತು ಅಲ್ಯೂಮಿನಿಯಂ ಸೇರುವಲ್ಲಿ, ಸ್ಟೇನ್‌ಲೆಸ್ ಮತ್ತು ಟೈಟೇನಿಯಂ ಬೋಲ್ಟ್‌ಗಳಲ್ಲಿ ಇದು ಗ್ರೀಸಿಗಿಂತ ಉತ್ತಮ. ಗ್ರೀಸು ಮಳೆಗೆ ತೊಳೆದುಹೋಗಬಹುದು, ಪೇಸ್ಟಿನಲ್ಲಿರುವ ಲೋಹದ ಸೂಕ್ಷ್ಮ ಪುಡಿ ಎರಡು ಮೇಲ್ಮೈಗಳ ನಡುವೆ ಉಳಿದುಕೊಳ್ಳುತ್ತದೆ. ಥ್ರೆಡ್ ಲಾಕರ್ ಬೇಕಾದ ರೋಟರ್ ಬೋಲ್ಟಿಗೆ ಇದನ್ನು ಹಾಕಬಾರದು, ಕಾರ್ಬನ್ ಸೀಟ್ ಪೋಸ್ಟಿನ ಮೈಗೂ ಹಾಕಬಾರದು, ಅದಕ್ಕೆ ಹರಳಿನಂತಹ ಕಣಗಳಿರುವ ಕಾರ್ಬನ್ ಪೇಸ್ಟ್ ಬೇರೆಯೇ ಇದೆ. ಆ್ಯಂಟಿ-ಸೀಜ್ ಕೈಗೆ ಹತ್ತಿದರೆ ಸುಲಭವಾಗಿ ಹೋಗುವುದಿಲ್ಲ, ಬಟ್ಟೆಗೆ ಹತ್ತಿದರೆ ಹೋಗುವುದೇ ಇಲ್ಲ, ಆದ್ದರಿಂದ ಕುಂಚ ಜೋಡಿಸಿದ ಮುಚ್ಚಳವಿರುವ ಚಿಕ್ಕ ಡಬ್ಬಿಯನ್ನೇ ಆರಿಸಿಕೊಳ್ಳಿ. ಮನೆಯ ಒಂದೆರಡು ಸೈಕಲ್ಲಿಗೆ ಆ ಚಿಕ್ಕ ಡಬ್ಬಿಯೇ ವರ್ಷಗಟ್ಟಲೆ ಬರುತ್ತದೆ.